ಒಂಟೆ, ಕೋತಿ, ಹೂಕೋಸು: ಎಲ್ಲಾ ಟೀಪಾಟೇ!

ಹೋದ ತಿಂಗಳು ಈ ಅಂಕಣದ ಜೊತೆ ನಾನು ಮಾಡಿದ ಒಂದು ಟೀಪಾಟಿನ ಫೋಟೊ ಹಾಕಿದ್ದೆ. ಹಣತೆ, ಹೂಕುಂಡ, ಮೊಸರಿನ ಗಡಿಗೆ ಅಂತ ಎಷ್ಟೋ ಬರೆದಿದ್ದೇನೆ. ಯಾವತ್ತೂ ಇಷ್ಟು ಪತ್ರ ಬಂದಿರಲಿಲ್ಲ. ಮೂತಿ ಇರುವ ಪಾತ್ರೆ ಕಂಡರೆ ಜನಕ್ಕೆ ಬಾಯಿ ಬರುತ್ತದೆ ಅಂತ ಕಾಣುತ್ತದೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಟೀಪಾಟಿನದ್ದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಗ ಕೆಲಸದ ಮೇಲೆ ಶಾಂಘೈಗೆ ಹೋಗಿದ್ದವನು ಒಂದು ಪುಟಾಣಿ ಟೀಪಾಟ್ ತಂದಿದ್ದಾನೆ. ಕಂದು ಬಣ್ಣ. ಹೊಳಪಿಲ್ಲ, ಚಿತ್ರ ಇಲ್ಲ, ಸರಿಯಾಗಿ ಒಂದು ಲೋಟ ಟೀ ಹಿಡಿಯಲ್ಲ. ಸೋಪು ಮುಟ್ಟಿಸಬೇಡ ಅಂತಾನೆ. ಬೆಲೆ ಕೇಳಿ ನನಗೆ ತಲೆ ತಿರುಗಿತು. ನಮ್ಮ ಸಂತೆ ಮಡಕೆಗೂ ಇದಕ್ಕೂ ಏನು ವ್ಯತ್ಯಾಸ?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಮೇಡಂ, ವ್ಯತ್ಯಾಸ ನೀವು ಅಂದುಕೊಂಡಷ್ಟು ಇಲ್ಲ. ನಿಮ್ಮ ವಿವರಣೆ ನೋಡಿದರೆ ಅದು ಯಿಶಿಂಗ್ ಟೀಪಾಟ್. ಶಾಂಘೈಯಿಂದ ಪಶ್ಚಿಮಕ್ಕೆ, ತಾಯ್ ಸರೋವರ ದಾಟಿದರೆ ಜಿಯಾಂಗ್ಸು ಪ್ರಾಂತ್ಯದಲ್ಲಿ ಯಿಶಿಂಗ್ ಅನ್ನೋ ಊರಿದೆ. ಅಲ್ಲಿನ ಮಣ್ಣಿಗೆ ಜಿಶಾ ಅಂತಾರೆ. ಅಂದರೆ ನೇರಳೆ ಮರಳು. ಹೆಸರು ನೇರಳೆ, ಸುಟ್ಟ ಮೇಲೆ ಹೆಚ್ಚಾಗಿ ಬರೋದು ನಮ್ಮ ಹುಣಸೆಹಣ್ಣಿನ ಬಣ್ಣ.

ಮೊದಲು ಚೀನಾದಲ್ಲಿ ಟೀ ಅಂದರೆ ಒತ್ತಿದ ಬಿಲ್ಲೆ. ಅದನ್ನು ಪುಡಿ ಮಾಡಿ ಬಟ್ಟಲಲ್ಲೇ ಕದಡಿ ಕುಡಿಯುತ್ತಿದ್ದರು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ, ಕಾಣಿಕೆಗೆ ಬಿಲ್ಲೆ ಬೇಡ, ಬಿಡಿ ಎಲೆ ಕಳಿಸಿ ಅಂತ ಆಜ್ಞೆ ಮಾಡಿದ. ಎಲೆ ಅಂದ ಮೇಲೆ ನೆನೆಸೋಕೆ ಒಂದು ಪಾತ್ರೆ ಬೇಕು, ಎಲೆ ಬೀಳದ ಹಾಗೆ ಸುರಿಯೋಕೆ ಮೂತಿ ಬೇಕು. ಟೀಪಾಟಿನ ಕಾಲ ಶುರುವಾಗಿದ್ದು ಹೀಗೆ. ಯಿಶಿಂಗಿನ ಮೊದಲ ಟೀಪಾಟ್ ಮಾಡಿದವನು ಗೊಂಗ್ ಚುನ್ ಅನ್ನೋದು ಐತಿಹ್ಯ. ಆತ ಒಬ್ಬ ಪಂಡಿತರ ಮನೆಯ ಆಳು. ಯಜಮಾನರ ಜೊತೆ ಗುಡಿಯಲ್ಲಿ ಇದ್ದಾಗ ಅಲ್ಲಿನ ಸನ್ಯಾಸಿಯನ್ನು ನೋಡಿ ಮಣ್ಣಿನ ಕೆಲಸ ಕಲಿತನಂತೆ. ಹಳೇ ಗಿಂಕ್ಗೊ ಮರದ ಗಂಟು ನೋಡಿ, ಅದೇ ಉಬ್ಬುತಗ್ಗಿನ ಪಾಟ್ ಮಾಡಿದನಂತೆ. ಹದಿನಾರನೇ ಶತಮಾನದ ಮಾತು.

ಈಗ ನಿಮ್ಮ ಸಂತೆ ಮಡಕೆಗೆ ಬರುತ್ತೇನೆ. ಅಸಲಿ ಯಿಶಿಂಗ್ ಪಾಟನ್ನು ತಿಗರಿ ಮೇಲೆ ತಿರುಗಿಸಿ ಮಾಡೋದಿಲ್ಲ. ಮಣ್ಣನ್ನು ಮರದ ಕೊಡತಿಯಿಂದ ತಟ್ಟಿ ತಟ್ಟಿ ಹಾಳೆ ಮಾಡುತ್ತಾರೆ. ಒಂದು ಉದ್ದ ಪಟ್ಟಿ ಕತ್ತರಿಸಿ, ಸುತ್ತಿ ಕೊಳವೆ ಮಾಡುತ್ತಾರೆ. ಆಮೇಲೆ ಎಡಗೈ ಬೆರಳು ಒಳಗೆ, ಬಲಗೈಯಲ್ಲಿ ತೆಳು ಹಲಗೆ ಹೊರಗೆ. ತಿರುಗಿಸುತ್ತಾ ತಟ್ಟುತ್ತಾ ಹೋದ ಹಾಗೆ ನೆಟ್ಟಗಿದ್ದ ಕೊಳವೆ ಬಾಯಿ ಹತ್ತಿರ ಬಾಗುತ್ತಾ ಹೊಟ್ಟೆ ಮೂಡುತ್ತದೆ. ನಮ್ಮ ಕುಂಬಾರರು ಒಳಗೆ ಕಲ್ಲು ಕೊಟ್ಟು ಹೊರಗೆ ಹಲಗೆಯಲ್ಲಿ ತಟ್ಟಿ ಗಡಿಗೆ ಉಬ್ಬಿಸೋದನ್ನು ನೀವು ನೋಡಿರಬಹುದು. ಅದೇ ಸದ್ದು, ಅದೇ ಲಯ. ನಾನು ಕೆಲಸ ಕಲಿತಿದ್ದು ಖಾನಾಪುರದ ಕುಂಬಾರಿಕೆ ಸಂಸ್ಥೆಯಲ್ಲಿ. ಬೆಳಗ್ಗೆ ಎದ್ದರೆ ಕಿವಿಗೆ ಬೀಳುತ್ತಿದ್ದದ್ದು ಆ ಟಪಟಪ ಸದ್ದೇ. ಯಿಶಿಂಗ್ ಕೆಲಸದ ವಿಡಿಯೊ ಮೊದಲ ಸಲ ನೋಡಿದಾಗ, ಅರೆ, ಇದು ನಮ್ಮದೇ ಅಲ್ವಾ ಅನಿಸಿತ್ತು. ವ್ಯತ್ಯಾಸ ಇರೋದು ಬೆಂಕಿಯಲ್ಲಿ ಮತ್ತು ಬಿಗಿಯಲ್ಲಿ. ನಮ್ಮ ಮಡಕೆ ಕಡಿಮೆ ಬೆಂಕಿಯದು. ನೀರು ಜಿನುಗಬೇಕು, ಜಿನುಗಿದರೇ ತಣ್ಣಗಾಗೋದು. ಜಿಶಾ ಮಣ್ಣು 1,100 ಡಿಗ್ರಿ ದಾಟಿ ಸುಡುತ್ತಾರೆ. ನೀರು ಜಿನುಗಲ್ಲ, ಆದರೆ ಗಾಜಿನ ಹಾಗೆ ಪೂರ್ತಿ ಮುಚ್ಚಿಕೊಂಡೂ ಇರಲ್ಲ. ಹಾಗಾಗಿ ಟೀ ವಾಸನೆ ಹಿಡಿದುಕೊಳ್ಳುತ್ತದೆ. ಸೋಪು ಹಾಕಿದರೆ ಸೋಪಿನ ವಾಸನೆಯನ್ನೂ ಹಿಡಿದುಕೊಳ್ಳುತ್ತದೆ. ನಿಮ್ಮ ಮಗ ಹೇಳಿದ್ದು ಸರಿ. ಬರೀ ಬಿಸಿನೀರಲ್ಲಿ ತೊಳೆದು ಮುಚ್ಚಳ ತೆಗೆದು ಒಣಗಿಸಿ.

ಒಂದು ಆಟ ಹೇಳಿಕೊಡುತ್ತೇನೆ. ಪಾಟ್ ತುಂಬ ನೀರು ತುಂಬಿ, ಮುಚ್ಚಳ ಹಾಕಿ. ಮುಚ್ಚಳದ ಮೇಲಿನ ಸಣ್ಣ ತೂತಿಗೆ ಬೆರಳು ಒತ್ತಿ ಬಗ್ಗಿಸಿ. ನೀರು ಬರಬಾರದು. ಬೆರಳು ತೆಗೆಯಿರಿ, ಧಾರೆ ಶುರುವಾಗಬೇಕು. ಹಾಗಾದರೆ ಮುಚ್ಚಳ ಕೂತಿದೆ ಅಂತ ಅರ್ಥ. ಇನ್ನೊಂದು: ಮುಚ್ಚಳ ತೆಗೆದು ಪಾಟನ್ನು ಮೇಜಿನ ಮೇಲೆ ಬೋರಲು ಹಾಕಿ. ಮೂತಿಯ ತುದಿ, ಬಾಯಿ, ಹಿಡಿಯ ನೆತ್ತಿ ಮೂರೂ ಒಟ್ಟಿಗೆ ಮೇಜು ಮುಟ್ಟಬೇಕು. ಹಳೇ ಕಾಲದ ನೇರ ಆಕಾರದ ಪಾಟುಗಳಿಗೆ ಇದು ಪರೀಕ್ಷೆ. ಎಲ್ಲಾ ಆಕಾರಕ್ಕೂ ಅನ್ವಯಿಸಲ್ಲ, ಫೇಲಾದರೆ ಮಗನನ್ನು ಬೈಯಬೇಡಿ.

ತಳದಲ್ಲಿ ಚೌಕದ ಮುದ್ರೆ ಇರುತ್ತದೆ. ಅದನ್ನು ನೋಡಿ ಹಿಗ್ಗಬೇಡಿ. ಹೆಸರಾಂತ ಕಲಾವಿದರ ಮುದ್ರೆಯನ್ನು ನಕಲು ಮಾಡೋದು ಅಲ್ಲಿ ನೂರಾರು ವರ್ಷದಿಂದ ನಡೆದುಬಂದಿದೆ. ಗು ಜಿಂಗ್‌ಝೌ ಅಂತ ಇದ್ದರು, 1915ರಿಂದ 1996. ಅವರು ಮಾಡಿದ ಪಾಟುಗಳು ಈಗ ಹರಾಜಿನಲ್ಲಿ ಕೋಟಿಗಟ್ಟಲೆಗೆ ಹೋಗುತ್ತವೆ. ಹಾಗಿದ್ದ ಮೇಲೆ ಅವರ ಮುದ್ರೆ ಎಷ್ಟು ಪಾಟುಗಳ ತಳದಲ್ಲಿ ಇರಬಹುದು, ನೀವೇ ಊಹಿಸಿ.

ಚಿತ್ರ ಇಲ್ಲ ಅಂದಿರಲ್ಲ, ಎಲ್ಲಾ ಯಿಶಿಂಗೂ ಹಾಗಲ್ಲ. ಇನ್ನೂರು ವರ್ಷದ ಹಿಂದೆ ಚೆನ್ ಮಾನ್‌ಶೆಂಗ್ ಅನ್ನೋ ಅಧಿಕಾರಿ ಇದ್ದ. ಕವಿ, ಅಕ್ಷರ ಬರೆಯೋದರಲ್ಲಿ ನಿಪುಣ. ಪಾಟಿನ ಆಕಾರ ಅವನು ಯೋಚಿಸುತ್ತಿದ್ದ, ಯಾಂಗ್ ಪೆಂಗ್‌ನ್ಯಾನ್ ಅನ್ನೋ ಕುಶಲಿ ಮಾಡುತ್ತಿದ್ದ, ಹಸಿ ಮಣ್ಣಿನ ಮೇಲೆ ಸಾಲು ಕೆತ್ತುತ್ತಿದ್ದರು. ಇಲ್ಲಿ ನನಗೆ ಇಷ್ಟವಾಗೋದು ಅಧಿಕಾರಿಯ ಹೆಸರಿನ ಜೊತೆ ಕೈಕೆಲಸದವನ ಹೆಸರೂ ಉಳಿದಿರೋದು. ನಮ್ಮಲ್ಲಿ ಒಂದು ಗಡಿಗೆ ಮೇಲೂ ಕುಂಬಾರನ ಹೆಸರಿಲ್ಲ.

ಪ್ರಶ್ನೆ: ನಮ್ಮನೆ ಟೀಪಾಟ್ ನೋಡೋಕೆ ಚೆಂದ. ಬಗ್ಗಿಸಿದರೆ ಮಾತ್ರ ಟೀ ಮೂತಿಯ ಕೆಳಗೆ ಇಳಿದು ಟೇಬಲ್ ಕ್ಲಾತ್ ಹಾಳು. ಪರಿಹಾರ?
— ಗೃಹಿಣಿ, ಧಾರವಾಡ

ಉತ್ತರ: ಮೂತಿಯ ಕೆಳತುಟಿಗೆ ಒಂದು ಚೂರು ಬೆಣ್ಣೆ ಸವರಿ. ಹಳೇ ಉಪಾಯ, ಕೆಲಸ ಮಾಡುತ್ತದೆ. ನಿಧಾನಕ್ಕೆ ಸುರಿದರೆ ಜಾಸ್ತಿ ಸೋರುತ್ತದೆ, ಧೈರ್ಯವಾಗಿ ಬಗ್ಗಿಸಿ.

ಸುಮ್ನೆ ತಮಾಷೆಗೆ ಅಲ್ಲ, ಇದಕ್ಕೆ ವಿಜ್ಞಾನಿಗಳೂ ತಲೆ ಕೆಡಿಸಿಕೊಂಡಿದ್ದಾರೆ. 1956ರಲ್ಲಿ ಮಾರ್ಕಸ್ ರೈನರ್ ಇದಕ್ಕೆ ‘ಟೀಪಾಟ್ ಎಫೆಕ್ಟ್’ ಅಂತಲೇ ಹೆಸರಿಟ್ಟರು. ಸೋರದ ಮೂತಿಯ ಲೆಕ್ಕ ಹಾಕಿದ್ದಕ್ಕೆ 1999ರಲ್ಲಿ ಇಗ್ ನೊಬೆಲ್ ಕೊಟ್ಟರು. ಮೊದಲು ನಗಿಸಿ ಆಮೇಲೆ ಯೋಚಿಸೋ ಹಾಗೆ ಮಾಡುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ಅದೇ ವರ್ಷ ಅದೇ ಪ್ರಶಸ್ತಿಯ ಇನ್ನೊಂದು ಪಾಲು ಬಿಸ್ಕತ್ತನ್ನು ಟೀಯಲ್ಲಿ ಅದ್ದೋದು ಹೇಗೆ ಅಂತ ಲೆಕ್ಕ ಹಾಕಿದವರಿಗೆ ಹೋಯಿತು. ಹೊಸ ಪಾಟ್ ಕೊಳ್ಳುವಾಗ ತುಟಿ ಮುಟ್ಟಿ ನೋಡಿ. ಉರುಟಾಗಿ ನುಣ್ಣಗಿದ್ದರೆ ಸೋರುತ್ತದೆ, ಅಂಚು ಚೂಪಾಗಿದ್ದರೆ ಧಾರೆ ಕಡಿಯುತ್ತದೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ಲಂಡನ್ನಿಗೆ ಬಂದಿದ್ದೇನೆ. ಇಲ್ಲಿ ಮ್ಯೂಸಿಯಂನಲ್ಲಿ ಹೂಕೋಸಿನ ಟೀಪಾಟ್, ಮಂಡಿಯೂರಿದ ಒಂಟೆ ಟೀಪಾಟ್ ನೋಡಿದೆ. ಇಂಗ್ಲಿಷರಿಗೆ ಹುಚ್ಚು ಹಿಡಿದಿತ್ತಾ? ಇದು ಕಲೆಯೋ ಆಟಿಕೆಯೋ?
— ಅಜ್ಜಿಯಾದ ಖುಷಿಯಲ್ಲಿರುವ ಓದುಗರು, ಸದ್ಯ ಲಂಡನ್

ಉತ್ತರ: ಮೊದಲು ಅಭಿನಂದನೆ. ಮಗು ಮಲಗಿದ್ದಾಗ ಇನ್ನೊಂದು ಸಲ ಹೋಗಿ ನೋಡಿ ಬನ್ನಿ.

ಆ ಒಂಟೆ ಹುಟ್ಟಿದ್ದು ಇಂಗ್ಲೆಂಡಿನ ಕುಂಬಾರರ ಸೀಮೆ ಸ್ಟಾಫರ್ಡ್‌ಶೈರ್‌ನಲ್ಲಿ, 1740-50ರ ಸುಮಾರಿಗೆ. ಆಗ ಟೀ ಅಂದರೆ ದುಬಾರಿ ಮಾಲು. ಟೀ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಕೈ ಮನೆಯೊಡತಿಯೇ ಇಟ್ಟುಕೊಳ್ಳುತ್ತಿದ್ದಳು. ಸುಂಕ ಎಷ್ಟಿತ್ತು ಅಂದರೆ, 1784ರಲ್ಲಿ ಸರ್ಕಾರ ಅದನ್ನು ಶೇಕಡಾ 119ರಿಂದ ಹನ್ನೆರಡೂವರೆಗೆ ಇಳಿಸಿತು. ಅಷ್ಟು ಬೆಲೆಯ ಎಲೆಯನ್ನು ಅತಿಥಿಗಳ ಎದುರಿಗೇ ನೆನೆಸಿ ಸುರಿಯುವಾಗ ಪಾತ್ರೆ ಸಪ್ಪೆ ಇದ್ದರೆ ಹೇಗೆ? ನಾವು ಹೆಣ್ಣು ನೋಡೋಕೆ ಬಂದವರಿಗೆ ಬೀರುವಿನಿಂದ ಹೊಸ ಕಪ್ಪು ತೆಗೆಯೋದಿಲ್ವೇ, ಹಾಗೆ.

ಅದೇ ಹೊತ್ತಿಗೆ ಅಲ್ಲಿನ ಕುಂಬಾರರ ಕೈಗೆ ಪ್ಲಾಸ್ಟರ್ ಅಚ್ಚು ಸಿಕ್ಕಿತು. ಮಣ್ಣನ್ನು ಅಂಬಲಿ ಹದಕ್ಕೆ ಕಲಸಿ ಅಚ್ಚಿಗೆ ಸುರಿಯುತ್ತಾರೆ. ಪ್ಲಾಸ್ಟರ್ ನೀರು ಹೀರುತ್ತದೆ, ಗೋಡೆಗೆ ಅಂಟಿ ಮಣ್ಣಿನ ಪದರ ನಿಲ್ಲುತ್ತದೆ, ಉಳಿದಿದ್ದು ಚೆಲ್ಲುತ್ತಾರೆ. ತಿಗರಿ ಮೇಲೆ ದುಂಡಗಿನದು ಮಾತ್ರ ಬರುತ್ತದೆ. ಅಚ್ಚಿನಲ್ಲಿ ಒಂಟೆಯೂ ಬರುತ್ತದೆ, ಮೂರಂತಸ್ತಿನ ಮನೆಯೂ ಬರುತ್ತದೆ. ಮನೆ ಆಕಾರದ ಪಾಟುಗಳನ್ನೂ ಮಾಡಿದ್ದರು. ಆಮೇಲೆ ಪಾತ್ರೆ ಸುಡುವ ಬಿಸಿ ಗೂಡಿಗೆ ಉಪ್ಪು ಎಸೆಯುತ್ತಿದ್ದರು. ಹೌದು, ನಮ್ಮ ಅಡುಗೆ ಉಪ್ಪೇ. ಉಪ್ಪು ಆವಿಯಾಗಿ ಮಣ್ಣಿನ ಜೊತೆ ಸೇರಿ ಮೇಲೆ ತೆಳು ಗಾಜಿನ ಪೊರೆ ಕಟ್ಟುತ್ತದೆ. ಹತ್ತಿರ ಹೋಗಿ ನೋಡಿದರೆ ಕಿತ್ತಳೆ ಸಿಪ್ಪೆ ಹಾಗೆ ಸಣ್ಣ ಸಣ್ಣ ಗುಳಿ ಕಾಣುತ್ತದೆ.

ಹೂಕೋಸು ಬಂದಿದ್ದು ಸ್ವಲ್ಪ ಆಮೇಲೆ. ಥಾಮಸ್ ವೀಲ್ಡನ್ ಜೊತೆ ಪಾಲುದಾರನಾಗಿದ್ದ ಜೋಸಾಯಾ ವೆಡ್ಜ್‌ವುಡ್ 1759ರಲ್ಲಿ ಒಂದು ಒಳ್ಳೆ ಹಸಿರು ಗ್ಲೇಜ್, ಅಂದರೆ ಪಾತ್ರೆಗೆ ಬಳಿದು ಸುಡುವ ಗಾಜಿನಂಥ ಲೇಪ, ಕಂಡುಹಿಡಿದ. ಹಸಿರು ಸಿಕ್ಕಿತು, ಈಗ ಹಸಿರಿರೋದು ಏನಿದೆ ಅಂತ ಹುಡುಕಿದ ಹಾಗಿದೆ! ಮೇಲರ್ಧ ಕೆನೆಬಣ್ಣದ ಹೂ, ಕೆಳಗರ್ಧ ಹಸಿರು ಎಲೆ. ಅನಾನಸನ್ನೂ ಬಿಡಲಿಲ್ಲ. ಆ ಕಾಲದ ಗ್ಲೇಜಿನಲ್ಲಿ ಸೀಸ ಇರುತ್ತಿತ್ತು. ಅಂಥ ಹಳೇ ಪಾಟ್ ಯಾರಾದರೂ ಉಡುಗೊರೆ ಕೊಟ್ಟರೆ ಕಪಾಟಿನಲ್ಲಿ ಇಡಿ, ಅದರಲ್ಲಿ ಟೀ ಕುಡಿಯಬೇಡಿ.

ಕಲೆಯೋ ಆಟಿಕೆಯೋ ಅಂದಿರಿ. ನನ್ನದೊಂದು ಅಳತೆ ಇದೆ, ಒಪ್ಪಲೇಬೇಕು ಅಂತಿಲ್ಲ. ಟೀಪಾಟಿಗೆ ನಾಲ್ಕು ಅಂಗ: ಹೊಟ್ಟೆ, ಮೂತಿ, ಹಿಡಿ, ಮುಚ್ಚಳ. ಪ್ರಾಣಿಯೋ ತರಕಾರಿಯೋ ಆ ನಾಲ್ಕೂ ಅಂಗದೊಳಗೆ ಇಳಿದುಬಂದಿದ್ದರೆ ನಾನು ಕೈಮುಗಿಯುತ್ತೇನೆ. ಒಂಟೆಯ ಕತ್ತು ಎತ್ತಿ ನಿಂತಿದ್ದೇ ಮೂತಿ, ಬೆನ್ನ ಮೇಲಿನ ಅಂಬಾರಿ ಹತ್ತಿರ ಮುಚ್ಚಳ. ಬೇರೆ ಏನೂ ಅಂಟಿಸಬೇಕಿಲ್ಲ. ಜರ್ಮನಿಯ ಮೈಸೆನ್ ಕಾರ್ಖಾನೆಯಲ್ಲಿ ಕೆಂಡ್ಲರ್ 1735ರ ಸುಮಾರಿಗೆ ಮಾಡಿದ ಕೋತಿ ಪಾಟಿದೆ, ಮರಿಯನ್ನು ಅವುಚಿಕೊಂಡ ತಾಯಿಕೋತಿ. ಅದೂ ಹೀಗೇ. ಹೂಕೋಸಿಗೆ ಮಾತ್ರ ನಾನು ಪೂರ್ತಿ ಅಂಕ ಕೊಡಲ್ಲ. ಹೊಟ್ಟೆ ಹೂಕೋಸು ಸರಿ, ಮೂತಿ ಎಲ್ಲಿಂದ ಬಂತು? ಹೂಕೋಸಿಗೆ ಮೂತಿ ಇಲ್ಲವಲ್ಲ. ಎಲೆ ಸುತ್ತಿ ಮೂತಿಗೆ ನೆಪ ಹೇಳಿದ್ದಾರೆ. ಬಣ್ಣ ಚೆನ್ನಾಗಿದೆ, ಅದನ್ನು ತಕರಾರಿಲ್ಲದೆ ಒಪ್ಪುತ್ತೇನೆ.

ಈ ಅಳತೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಇಂಗ್ಲೆಂಡಿನ ರಾಯಲ್ ವೂಸ್ಟರ್ ಪಿಂಗಾಣಿ ಕಾರ್ಖಾನೆಯ 1882ರ ಪಾಟ್. ಆಗ ಲಂಡನ್ನಿನಲ್ಲಿ ಸೌಂದರ್ಯವೇ ಸರ್ವಸ್ವ ಅನ್ನೋ ಗುಂಪಿನ ಹವಾ. ಆಸ್ಕರ್ ವೈಲ್ಡ್ ಕಾಲ. ಅವರನ್ನು ಗೇಲಿ ಮಾಡೋಕೆ ಈ ಪಾಟ್ ಮಾಡಿದರು. ಒಂದು ಕಡೆಯಿಂದ ನೋಡಿದರೆ ಎದೆಗೆ ಸೂರ್ಯಕಾಂತಿ ಸಿಕ್ಕಿಸಿಕೊಂಡ ಹುಡುಗ. ತಿರುಗಿಸಿದರೆ ಲಿಲಿ ಹೂವಿನ ಹುಡುಗಿ. ಇಬ್ಬರಿಗೂ ಸೇರಿ ಎರಡೇ ಕೈ. ಸೊಂಟದ ಮೇಲಿಟ್ಟ ಕೈ ಹಿಡಿ, ಮಣಿಕಟ್ಟು ಬಳುಕಿಸಿದ ಇನ್ನೊಂದು ಕೈ ಮೂತಿ. ಆ ಬಳುಕಿನಲ್ಲೇ ಟೀ ಸುರಿಯಬೇಕು, ಆ ಬಳುಕೇ ಗೇಲಿ. ಟೀಪಾಟಿನ ಮಟ್ಟಕ್ಕೆ ಏರಿ ಬದುಕೋಕೆ ಹೋದರೆ ಏನು ಗತಿಯಾಗುತ್ತದೆ ನೋಡಿ ಅನ್ನೋ ಅರ್ಥದ ಸಾಲು ತಳದಲ್ಲಿ ಬರೆದಿದೆ. ಸಿಕ್ಕಿದರೆ ಬಿಡಬೇಡಿ, ನೋಡಿ ಬನ್ನಿ.

ಪ್ರಶ್ನೆ: ರಷ್ಯಾದ ಕಲಾವಿದ ಮಾಲೆವಿಚ್ ಅವರ ಟೀಪಾಟಿನ ಚಿತ್ರ ನೋಡಿದೆ. ರೈಲು ಎಂಜಿನ್ನೋ ಕಟ್ಟಡವೋ ಗೊತ್ತಾಗಲ್ಲ. ಹಿಡಿಯೋಕೂ ಆಗಲ್ಲ, ಸುರಿಯೋಕೂ ಆಗಲ್ಲ ಅನಿಸುತ್ತದೆ. ಟೀ ಸುರಿಯದಿದ್ದರೆ ಅದನ್ನು ಟೀಪಾಟ್ ಅಂತ ಯಾಕೆ ಕರೆಯಬೇಕು?
— ಕಲಾ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಒಳ್ಳೆ ಪ್ರಶ್ನೆ, ಸ್ವಲ್ಪ ಜಗಳಗಂಟ ಪ್ರಶ್ನೆ. 1923ರಲ್ಲಿ ಪೆಟ್ರೊಗ್ರಾಡ್‌ನ ಸರ್ಕಾರಿ ಪಿಂಗಾಣಿ ಕಾರ್ಖಾನೆಗೆ ಮಾಡಿದ್ದು ಅದು. ಚೌಕ, ಅರ್ಧವೃತ್ತ, ಕಡ್ಡಿಪೆಟ್ಟಿಗೆ ಜೋಡಿಸಿದ ಹಾಗಿದೆ. ಜೊತೆಗೆ ಬಟ್ಟಲೂ ಇದೆ, ಅದೂ ಅರ್ಧಕ್ಕೆ ಕತ್ತರಿಸಿದ್ದು. ಸರಿಯಾಗಿ ಸುರಿಯಲ್ಲ ಅಂತ ದೂರಿದವರಿಗೆ, ಇದು ಟೀಪಾಟಲ್ಲ, ಟೀಪಾಟಿನ ಕಲ್ಪನೆ ಅಂತ ಅವರು ಅಂದರಂತೆ. ನಾನು ಹಾಗೆ ಅಂದಿದ್ದರೆ ಖಾನಾಪುರದ ನಮ್ಮ ಮೇಷ್ಟ್ರು ಒದ್ದೆ ಮಣ್ಣಿನ ಉಂಡೆ ಎಸೆಯುತ್ತಿದ್ದರು.

ಆದರೂ ನಾನು ಅದನ್ನು ಟೀಪಾಟ್ ಅಂತಲೇ ಕರೆಯುತ್ತೇನೆ. ನೋಡಿ, ನೀವೇ ‘ಹಿಡಿಯೋಕಾಗಲ್ಲ, ಸುರಿಯೋಕಾಗಲ್ಲ’ ಅಂದಿರಿ. ಹೂದಾನಿ ನೋಡಿ ಯಾರಾದರೂ ಹಾಗನ್ನುತ್ತಾರಾ? ನಿಮ್ಮ ಕೈ ಆಗಲೇ ಅದನ್ನು ಎತ್ತಿ ಬಗ್ಗಿಸೋಕೆ ಹೋಗಿತ್ತು. ನೋಡಿದ ಕೂಡಲೇ ಕೈ ಮುಂದೆ ಹೋದರೆ ಅದು ಟೀಪಾಟೇ. ಅಮೆರಿಕದ ರಿಚರ್ಡ್ ನಾಟ್ಕಿನ್ ಇದನ್ನೇ ಬಂಡವಾಳ ಮಾಡಿಕೊಂಡರು. ಯಿಶಿಂಗ್ ಕೆಲಸವನ್ನು ಆಳವಾಗಿ ನೋಡಿ, ಅದೇ ಬಿಗಿಯಲ್ಲಿ, ಅದೇ ಪುಟ್ಟ ಅಳತೆಯಲ್ಲಿ ಅಣುಸ್ಥಾವರದ ಗೋಪುರವನ್ನೂ, ನರಗಳೆದ್ದ ಮನುಷ್ಯನ ಹೃದಯವನ್ನೂ ಟೀಪಾಟ್ ಮಾಡಿದ್ದಾರೆ. ಹೃದಯವನ್ನು ಹಿಡಿ ಹಿಡಿದು ಎತ್ತಬೇಕು ಅಂದಾಗ ಕೈ ಹಿಂಜರಿಯುತ್ತದೆ. ಅದೇ ಹೃದಯವನ್ನು ಪೀಠದ ಮೇಲೆ ಶಿಲ್ಪವಾಗಿ ಇಟ್ಟಿದ್ದರೆ ಆ ಹಿಂಜರಿಕೆ ಬರುತ್ತಿರಲಿಲ್ಲ.

ನೀವು ಕಂಪ್ಯೂಟರ್ ಗ್ರಾಫಿಕ್ಸ್ ಕಡೆಗೂ ಹೋಗುವವರಾದರೆ ಇನ್ನೊಂದು ಟೀಪಾಟ್ ಗೊತ್ತಿರಲಿ. 1975ರಲ್ಲಿ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್‌ಗೆ ಪರದೆ ಮೇಲೆ ಬಿಡಿಸೋಕೆ ಒಂದು ವಸ್ತು ಬೇಕಿತ್ತು. ಹೆಂಡತಿ, ಟೀಪಾಟ್ ಬಿಡಿಸು ಅಂದರು. ಮನೆಯ ಬಿಳಿ ಮೆಲಿಟ್ಟಾ ಪಾಟನ್ನು ನೋಡಿ ಗ್ರಾಫ್ ಹಾಳೆ ಮೇಲೆ ಬಿಡಿಸಿದರು. ಉಬ್ಬು, ತೂತು, ಬಳುಕು, ತನ್ನ ಮೇಲೇ ಬೀಳುವ ನೆರಳು, ಎಲ್ಲಾ ಒಂದೇ ವಸ್ತುವಿನಲ್ಲಿ. ಆಮೇಲೆ ಗ್ರಾಫಿಕ್ಸ್ ಕಲಿಯುವವರೆಲ್ಲ ಅದನ್ನೇ ಬಿಡಿಸಿದರು. ಅಸಲಿ ಪಾಟ್ ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಮೊದಲ ಲೆಕ್ಕದಲ್ಲಿ ಅದಕ್ಕೆ ತಳವೇ ಇರಲಿಲ್ಲ. ಟೀ ಹಾಕಿದ್ದರೆ ಪೂರ್ತಿ ನೆಲಕ್ಕೆ!

ಪ್ರಶ್ನೆ: ಆರು ತಿಂಗಳಿಂದ ಮಣ್ಣಿನ ಕೆಲಸ ಕಲಿಯುತ್ತಿದ್ದೇನೆ. ಬಟ್ಟಲು, ತಟ್ಟೆ ಬರುತ್ತದೆ. ಟೀಪಾಟ್ ಮಾತ್ರ ಪ್ರತಿ ಸಲ ಕೈಕೊಡುತ್ತದೆ. ಹಸಿ ಇದ್ದಾಗ ನೆಟ್ಟಗಿದ್ದ ಮೂತಿ, ಸುಟ್ಟ ಮೇಲೆ ಸೊಟ್ಟ!
— ಕಲಿಕೆಯಲ್ಲಿರುವ ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ತಪ್ಪು ನಿಮ್ಮದಲ್ಲ, ಮಣ್ಣಿಗೆ ನೆನಪಿನ ಶಕ್ತಿ ಜಾಸ್ತಿ. ತಿಗರಿ ಮೇಲೆ ಮೂತಿಯನ್ನು ಕಿರಿದು ಮಾಡುತ್ತಾ ಎಳೆದಾಗ ಮಣ್ಣು ಹಗ್ಗದ ಹಾಗೆ ಹುರಿಗೊಂಡಿರುತ್ತದೆ. ಗೂಡಿನ ಬಿಸಿಗೆ ಆ ಹುರಿ ಒಂದಿಷ್ಟು ತಿರುಚಿಕೊಳ್ಳುತ್ತದೆ. ತುದಿಯನ್ನು ನೀವು ಸಮವಾಗಿ ಕತ್ತರಿಸಿದ್ದರೆ ಸುಟ್ಟ ಮೇಲೆ ಓರೆ. ಅದಕ್ಕೇ ಹಸಿ ಇದ್ದಾಗಲೇ ಒಂಚೂರು ಓರೆಗೆ ಕತ್ತರಿಸಬೇಕು, ಬೆಂಕಿ ಅದನ್ನು ನೆಟ್ಟಗೆ ಮಾಡುತ್ತದೆ. ಎಷ್ಟು ಓರೆ, ಯಾವ ಕಡೆಗೆ ಅಂದರೆ ನಿಮ್ಮ ಮಣ್ಣು, ನಿಮ್ಮ ಕೈ, ನಿಮ್ಮ ಗೂಡು. ನಾಲ್ಕೈದು ಮೂತಿ ಬರೀ ಪರೀಕ್ಷೆಗೆ ಸುಟ್ಟು ನೋಡಿ. ಅದು ಬೇಡ ಅಂದರೆ ಮೂತಿಯನ್ನು ತಿಗರಿ ಬಿಟ್ಟು ಹಾಳೆ ಮಣ್ಣಿನಿಂದ ಸುತ್ತಿ ಮಾಡಿ.

ಇನ್ನು ಎರಡು ಮಾತು. ಹೊಟ್ಟೆ, ಮೂತಿ, ಹಿಡಿ ಮೂರೂ ಒಂದೇ ಹದದಲ್ಲಿ ಒದ್ದೆ ಇರುವಾಗಲೇ ಜೋಡಿಸಿ. ಒಂದು ಒಣಗಿ ಇನ್ನೊಂದು ಹಸಿ ಇದ್ದರೆ ಬೆಸುಗೆಯಲ್ಲಿ ಬಿರುಕು ಖಂಡಿತ. ಮೂತಿಯ ತುದಿ ಪಾಟಿನ ಬಾಯಿಗಿಂತ ಕೆಳಗೆ ಇರಬಾರದು. ಇದನ್ನು ನಾನು ಕಲಿತಿದ್ದು ಅವಮಾನ ಮಾಡಿಕೊಂಡು. ನನ್ನ ಮೊದಲ ಟೀಪಾಟನ್ನು ಅತ್ತಿಗೆಯ ಗೃಹಪ್ರವೇಶಕ್ಕೆ ಉಡುಗೊರೆ ಕೊಟ್ಟಿದ್ದೆ. ಮೂತಿ ಬಾತುಕೋಳಿಯ ಕೊಕ್ಕಿನ ಹಾಗೆ ಚೆಂದ ಇರಲಿ ಅಂತ ಕೆಳಕ್ಕೆ ಬಾಗಿಸಿದ್ದೆ. ಅತ್ತಿಗೆ ಎಲ್ಲರೆದುರು ಡಿಕಾಕ್ಷನ್ ತುಂಬಿಸಿದರು. ಮುಕ್ಕಾಲು ತುಂಬುವಷ್ಟರಲ್ಲಿ ಯಾರೂ ಮುಟ್ಟದೆ, ಯಾರೂ ಬಗ್ಗಿಸದೆ, ಕೊಕ್ಕಿನಿಂದ ಧಾರೆ ಶುರು. ಭಾವನ ಬಿಳಿ ಪಂಚೆ. ‘ಬಾತುಕೋಳಿಗೆ ಅವಸರ ಆಗಿತ್ತು ಅಂತ ಕಾಣುತ್ತೆ’ ಅಂದರು ಪುಣ್ಯಾತ್ಮ. ನಮ್ಮಜ್ಜಿಯ ಹಿತ್ತಾಳೆ ಗಿಂಡಿ ನೋಡುತ್ತಾ ಬೆಳೆದವಳು ನಾನು. ಅದರ ಮೂತಿ ಎಷ್ಟು ಎತ್ತರಕ್ಕೆ ಬರುತ್ತದೆ ಅಂತ ಒಂದು ದಿನವೂ ಗಮನಿಸಿರಲಿಲ್ಲ.

ಪ್ರಶ್ನೆ: ಅಪ್ಪನ ಕಾಲದ ಹೂಬಳ್ಳಿ ಚಿತ್ರದ ಪಿಂಗಾಣಿ ಟೀಪಾಟ್ ಇದೆ. ಹಿಡಿ ಮುರಿದಿದೆ, ಮುಚ್ಚಳ ಇಲ್ಲ. ಸೊಸೆ ಬಿಸಾಡಿ ಅಂತಾಳೆ. ಒಡೆದ ಪಾತ್ರೆ ಮನೆಯಲ್ಲಿ ಇಡಬಾರದು ಅಂತಲೂ ಹೇಳ್ತಾರೆ.
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಶಾಸ್ತ್ರದ ವಿಷಯ ನನಗೆ ಬೇಡ ರಾಯರೇ, ಒಂದು ಕಥೆ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಒಬ್ಬರು 2016ರಲ್ಲಿ ಒಂದು ಹಳೇ ಟೀಪಾಟನ್ನು 15 ಪೌಂಡಿಗೆ ಕೊಂಡರು. ನಿಮ್ಮದರ ಹಾಗೇ, ಹಿಡಿ ಮುರಿದಿತ್ತು, ಮುಚ್ಚಳ ಇರಲಿಲ್ಲ. ತಿಳಿದವರು ನೋಡಿದಾಗ ಅದು ಜಾನ್ ಬಾರ್ಟ್‌ಲಮ್ ಕೆಲಸ ಅಂತ ಗೊತ್ತಾಯಿತು. ಸ್ಟಾಫರ್ಡ್‌ಶೈರ್‌ನಿಂದ ಅಮೆರಿಕಕ್ಕೆ ಹೋಗಿ, 1760ರ ದಶಕದಲ್ಲಿ ಸೌತ್ ಕೆರೊಲಿನಾದಲ್ಲಿ ಪಿಂಗಾಣಿ ಮಾಡಿದ ಕುಂಬಾರ ಆತ. ಅಮೆರಿಕದ ಮಣ್ಣಿನಲ್ಲಿ ಆದ ಮೊದಮೊದಲ ಪಿಂಗಾಣಿ ಅದು. 2018ರ ಹರಾಜಿನಲ್ಲಿ 5,75,000 ಪೌಂಡಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿತು. ಹಿಡಿ ಮುರಿದೇ ಇತ್ತು.

ನಿಮ್ಮದಕ್ಕೆ ಅಷ್ಟು ಬರುತ್ತದೆ ಅಂತ ಹೇಳುತ್ತಿಲ್ಲ, ಬಹುಶಃ ಏನೂ ಬರಲ್ಲ. ಹಿಡಿಯ ತುಂಡು ಸಿಕ್ಕರೆ ಅಂಟು ಹಾಕಿ, ಆದರೆ ಬಿಸಿ ಟೀ ತುಂಬಿ ಆ ಹಿಡಿಯನ್ನು ನಂಬಬೇಡಿ, ಕೈ ಸುಟ್ಟೀತು. ಕಾಫಿ ಹೂ ಬಿಟ್ಟಾಗ ಒಂದು ರೆಂಬೆ ಸಿಕ್ಕಿಸಿ ಕಿಟಕಿಯಲ್ಲಿ ಇಡಿ. ಸೊಸೆ ಸುಮ್ಮನಾಗುತ್ತಾಳೆ.

ಪ್ರಶ್ನೆ: ಇಷ್ಟೆಲ್ಲಾ ಟೀಪಾಟ್ ಮಾಡ್ತೀರಲ್ಲ, ನಿಮ್ಮನೆಯಲ್ಲಿ ಟೀ ಯಾವುದರಲ್ಲಿ?
— ಹೆಸರು ಬೇಡ ಅಂದವರು, ಮೈಸೂರು

ಉತ್ತರ: ಸ್ಟೀಲ್ ಪಾತ್ರೆಯಲ್ಲಿ. ಹಾಲು, ಸಕ್ಕರೆ, ಜಜ್ಜಿದ ಶುಂಠಿ, ಟೀಪುಡಿ ಎಲ್ಲಾ ಒಟ್ಟಿಗೆ ಹಾಕಿ ಎರಡು ಕುದಿ. ಇಕ್ಕಳದಲ್ಲಿ ಹಿಡಿದು, ಜಾಲರಿಯಲ್ಲಿ ಸೋಸಿ, ಲೋಟಕ್ಕೆ.